ಅರ್ಥಿಂಗ್ ಕತ್ತರಿಸಿದ ಶನಿವಾರ

ಹೋದ ಶನಿವಾರ ನಾನೇ ಕರೆಸಿದ ಮನುಷ್ಯನನ್ನು ನನ್ನೆದುರೇ ಹೊರಗೆ ಕಳಿಸಿದರು. ಆ ಮನುಷ್ಯ ಮಾಡಿದ ತಪ್ಪು? ಅರ್ಧ ತಾಸು ಕೇಳಿದ್ದು.

ಬಸಣ್ಣ ರಾಯಚೂರು ಕಡೆಯವರು. ಮಲ್ಕಾಜ್‌ಗಿರಿಯಲ್ಲಿ ಮನೆ, ಇಪ್ಪತ್ತು ವರ್ಷದಿಂದ ಸೌಂಡ್ ಸಿಸ್ಟಂ ಕೆಲಸ. ಬೇಗಂಪೇಟೆಯ ಹಾಲ್ ಒಂದರಲ್ಲಿ ನಮ್ಮ ಕಂಪನಿಯ ಫ್ಯಾಮಿಲಿ ಡೇ ಇತ್ತು. (ಅಮೆರಿಕದ ಹೊಸ ಪ್ರಾಜೆಕ್ಟ್ ಸಿಕ್ಕಿದೆಯಲ್ಲ, ಈಗ ತಿಂಗಳಿಗೊಂದು ಸಂಭ್ರಮ.) ಮೊದಲಿಗೆ ಮಕ್ಕಳ ಹಾಡು. ನನ್ನ ಮಗಳೂ ಹೆಸರು ಕೊಟ್ಟಿದ್ದಳು.

ಆಂಪ್ಲಿಫೈಯರ್‌ಗಳು ಹಾಲ್‌ನವರವೇ. ಕಬ್ಬಿಣದ ರ್‍ಯಾಕ್‌ನಲ್ಲಿ ಒಂದರ ಮೇಲೊಂದು ನಾಲ್ಕು. ಬಸಣ್ಣ ವೈರ್ ಜೋಡಿಸಿ, ಮೊದಲು ಮಿಕ್ಸರ್, ಕೊನೆಗೆ ಆಂಪ್ಲಿಫೈಯರ್ ಆನ್ ಮಾಡಿದರು. ಸ್ಪೀಕರ್‌ನಿಂದ ಒಂದೇ ಸಮನೆ ಗುಂಯ್ ಅಂತ ಸದ್ದು.

"ಇಲ್ಲಿ ಅರ್ಥಿಂಗ್ ಸರಿ ಇಲ್ರಿ. ಕೆಳಗಿನ ಮೇನ್ ಬೋರ್ಡಿನಿಂದ ಬ್ಯಾರೆ ಲೈನ್ ಎಳೀಬೇಕು. ಅರ್ಧ ತಾಸು ಕೊಡ್ರಿ ಸರ್."

ಅಮೆರಿಕದ ಅತಿಥಿಗಳು ಆಗಲೇ ಮುಂದಿನ ಸಾಲಿನಲ್ಲಿ ಕೂತಿದ್ದರು. ನಮ್ಮ ಅಡ್ಮಿನ್ ಮ್ಯಾನೇಜರ್ "ಟೈಮ್ ಲೇದು, ಟೈಮಿಲ್ಲ" ಅಂದವರೇ ಹಾಲ್‌ನ ಎಲೆಕ್ಟ್ರಿಷಿಯನ್‌ನನ್ನು ಕರೆದರು. ಆತ ಎಲ್ಲ ಆಫ್ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಅರ್ಥಿಂಗ್ ವೈರ್‌ಗಳನ್ನು ಕತ್ತರಿಸಿ ಹಾಕಿದ. ಮತ್ತೆ ಆನ್ ಮಾಡಿದಾಗ ಗುಂಯ್ ಇರಲಿಲ್ಲ. ಮ್ಯಾನೇಜರ್ ಮುಖ ಅರಳಿತು.

ಬಸಣ್ಣ ನನ್ನ ಕಡೆ ತಿರುಗಿದರು. "ಒಳಗ ಎಲ್ಲಾದ್ರೂ ವೈರ್ ಬಿಚ್ಚಿ ರ್‍ಯಾಕಿಗೆ ತಾಗ್ತಂದ್ರ ಕರೆಂಟ್ ನೆಲಕ್ಕ ಹೋಗಾಕ ದಾರಿ ಇಲ್ರಿ. ಸೀದಾ ಮೈಕಿಗೆ ಬರ್ತೈತಿ. ಹಿಡಕೊಳ್ಳಾವ್ರು ಸಣ್ಣ ಹುಡುಗ್ರು. ಹಿಂಗ ನಡಸಾಕ ನಾ ಒಲ್ಲೆರಿ. ನೀವರ ಸಾಹೇಬ್ರಿಗೆ ಹೇಳ್ರಿ."

ನಾನು ಹೇಳಿದೆನಾ? ಇಲ್ಲ. ಮುಂದಿನ ತಿಂಗಳು ಅಪ್ರೈಸಲ್ ಇದೆ.

"ಆಟಿಟ್ಯೂಡ್ ಪ್ರಾಬ್ಲಂ. ಇವನನ್ನು ಇನ್ನು ಕರೀಬೇಡಿ" ಎಂದರು ಮ್ಯಾನೇಜರ್. ನಾನು ತಲೆ ಆಡಿಸಿದೆ. ಬಸಣ್ಣ ತಮ್ಮ ಬ್ಯಾಗ್ ಎತ್ತಿಕೊಂಡು ಹೊರಟರು; ಮಿಕ್ಸರ್ ಮುಂದೆ ಎಲೆಕ್ಟ್ರಿಷಿಯನ್ ಕೂತ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದ್ದವರ ಪಕ್ಕದಲ್ಲಿ ಕೈಕಟ್ಟಿ ನಿಂತವನು ನಾನು.

ಆಮೇಲೆ ಏನಾಯಿತು? ಏನೂ ಆಗಲಿಲ್ಲ. ಅದೇ ನನ್ನ ಸಂಕಟ. ಎಲ್ಲರೂ "ಸೌಂಡ್ ಸೂಪರ್" ಅಂದರು. ಸೋಮವಾರ ಎಲೆಕ್ಟ್ರಿಷಿಯನ್‌ಗೆ ಥ್ಯಾಂಕ್ಸ್ ಹೇಳಿ ಮೇಲ್ ಹೋಯಿತು. ಬಸಣ್ಣನ ಹೆಸರು ನಮ್ಮ ವೆಂಡರ್ ಲಿಸ್ಟ್‌ನಿಂದ ಹೋಯಿತು, ಅಳಿಸಿದ್ದು ನಾನೇ. "ನೋಡಿದ್ರಾ, ಸುಮ್ಮನೆ ಹೆದರಿಸ್ತಿದ್ದ" ಅಂತ ಮ್ಯಾನೇಜರ್ ನಕ್ಕರು. ಯಾರಿಗಾದರೂ ಶಾಕ್ ಹೊಡೆದಿದ್ದರೆ ಮಾತ್ರ ಬಸಣ್ಣ ಹೇಳಿದ್ದು ನಿಜ ಆಗುತ್ತಿತ್ತೇ? ಇದೆಂಥ ನ್ಯಾಯ, ನೀವೇ ಹೇಳಿ.

ನನಗೆ ಮಾತ್ರ ಬಸಣ್ಣನ ಮಾತಿನಲ್ಲಿ ಅನುಮಾನ ಇರಲಿಲ್ಲ. ಅವತ್ತು ಮಗಳ ಸರದಿ ಬಂದಾಗ, ಗಂಟಲು ಕೆಟ್ಟಿದೆ ಅಂತ ಸುಳ್ಳು ಹೇಳಿ ಅವಳನ್ನು ಸ್ಟೇಜ್ ಹತ್ತಲು ಬಿಡಲಿಲ್ಲ. ಅಳುತ್ತಿದ್ದವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಮೈಕ್ ಹಿಡಿದು ಹಾಡಿದ ಉಳಿದ ಹನ್ನೊಂದು ಮಕ್ಕಳಿಗೂ ಚಪ್ಪಾಳೆ ತಟ್ಟಿದೆ.