ಕುಕ್ಕುರುಗಾಲಿನ ಅಂಗಡಿ

ಕಾರ್ಖಾನೆಗಳು ತಾವಾಗಿ ಮುಚ್ಚುವುದಿಲ್ಲ, ಯಾರೋ ಮುಚ್ಚುತ್ತಾರೆ. ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ ರಾಜಧಾನಿ ಸೋಫಿಯಾ ನಗರದಲ್ಲಿ ಒಂದೊಂದಾಗಿ ಮುಚ್ಚಿದರು, ಯಂತ್ರಗಳನ್ನು ಗುಜರಿಗೆ ಹಾಕಿದರು, ಅದಕ್ಕೆ ಸುಧಾರಣೆ ಎಂದು ಹೆಸರಿಟ್ಟರು. ರೇಡಿಯೋ ಕಾರ್ಖಾನೆಯಲ್ಲಿ ತಂತಿ ಬೆಸೆಯುತ್ತಿದ್ದ ನೆವೆನಾ ಕೆಲಸ ಕಳೆದುಕೊಂಡು ಮನೆಗೆ ಬಂದಾಗ ಅವಳ ಪಾಲಿಗೆ ಉಳಿದದ್ದು ಮನೆಯಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ ಉಪ್ಪಿನಕಾಯಿ ಜಾಡಿ ಇಡುವ ಒಂದು ಕೋಣೆ, ಅದಕ್ಕೊಂದು ಗಾಳಿಕಿಂಡಿ. ಕಿಂಡಿ ಇದ್ದದ್ದು ದಾರಿಹೋಕರ ಮೊಣಕಾಲಿಗೂ ಕೆಳಗೆ. ಅದನ್ನೇ ಅಗಲ ಮಾಡಿಸಿ ಅಂಗಡಿ ತೆರೆದಳು. ಆ ಊರಿನಲ್ಲಿ ಹಾಗೆ ತೆರೆದವರು ಅವಳೊಬ್ಬಳೇ ಅಲ್ಲ. ಕೊಳ್ಳಬೇಕೆಂದರೆ ಬೀದಿಯಲ್ಲಿ ಕುಕ್ಕುರುಗಾಲಲ್ಲಿ ಕೂತು, ತಲೆ ಬಗ್ಗಿಸಿ, ಕೈ ಒಳಗೆ ಚಾಚಬೇಕು.

ಪ್ರವಾಸಿಗಳಿಗೆ ಇದೊಂದು ತಮಾಷೆ. ನಿಂತೇ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಈ ಜನರ ವ್ಯಾಪಾರಬುದ್ಧಿಗೆ ತಲೆಬಾಗಬೇಕು ಎಂದು ಊರಿಗೆ ಮರಳಿ ಬರೆಯುತ್ತಾರೆ. ನಿಜವಾಗಿ ಬಾಗಿದ್ದರೆ ನೆವೆನಾಳ ಮುಖ ಕಾಣುತ್ತಿತ್ತು. ದುಂಡು ಮುಖ, ಕಪಾಟಿನ ಬಲ್ಬಿನ ಬೆಳಕಿಗೆ ಸದಾ ಕಿರಿದಾಗಿಸಿದ ಕಣ್ಣು, ಬಾಯಿ ತುಂಬ ಸೂರ್ಯಕಾಂತಿ ಬೀಜ.

ಕಿಂಡಿಗೆ ನೇರ ಮೇಲೆ, ಮೂರನೇ ಮಹಡಿಯಲ್ಲಿ, ಟ್ರಾಂ ಓಡಿಸಿ ನಿವೃತ್ತನಾದ ಮಿಂಚೋ ಒಬ್ಬನೇ ಇದ್ದ. ಬೀದಿಗೆಲ್ಲ ಅವನು ಬಾಯ್ ಮಿಂಚೋ, ಹಿರಿಯಣ್ಣ. ಮಂಡಿ ಸೋತು ಕುಕ್ಕುರುಗಾಲಲ್ಲಿ ಕೂರಲಾಗದಿದ್ದಾಗ ಬಾಲ್ಕನಿಯಿಂದ ಹಗ್ಗ ಕಟ್ಟಿದ ಪ್ಲಾಸ್ಟಿಕ್ ಬಕೆಟ್ ಇಳಿಬಿಡಲು ಶುರುಮಾಡಿದ.

"ನೆವೆಂಚೆ, ನಿನ್ನೆ ಕಳ್ಸಿದ ಬ್ರೆಡ್ಡಲ್ಲಿ ಗೋಡೆ ಕಟ್ಬೋದು" ಎಂದು ಮುದ್ದಿನ ಹೆಸರು ಹಿಡಿದು ಮೇಲಿನಿಂದ ಕೂಗುತ್ತಿದ್ದ.

"ಹಲ್ಲಿಲ್ದೋರಿಗೆ ಎಲ್ಲಾ ಗೋಡೆನೇ, ಬಾಯ್ ಮಿಂಚೋ. ಹಾಲಲ್ಲಿ ಅದ್ದಿ ತಿನ್ನಿ."

"ಹಾಲು ಕಳ್ಸಿದ್ರೆ ತಾನೆ ಅದ್ದೋದು."

ಹಾಲೂ ಮೇಲೇರುತ್ತಿತ್ತು.

ಹೀಗಿರುವಾಗ ಸರ್ಕಾರದ ಯೋಜನೆಯೊಂದು ಬಂತು. ಹಳೆಯ ಕಟ್ಟಡಗಳ ಹೊರಗೋಡೆಗೆ ಬಿಟ್ಟಿಯಾಗಿ ದಪ್ಪ ಹೊದಿಕೆ ಹಾಕಿಸಿಕೊಡುತ್ತಾರೆ, ಚಳಿಗಾಲದಲ್ಲಿ ಮನೆ ಬೆಚ್ಚಗಿರುತ್ತದೆ. ಆದರೆ ಎಲ್ಲ ಮನೆಯವರೂ ಒಪ್ಪಬೇಕು, ಮೂಲ ನಕ್ಷೆಯಲ್ಲಿಲ್ಲದ ಕಿಂಡಿಗಳನ್ನೆಲ್ಲ ಮುಚ್ಚಬೇಕು. ಮಿಕ್ಕವರೆಲ್ಲ ಒಪ್ಪಿದರು. ಒಪ್ಪಿದರೆ ನೆವೆನಾಳ ಅನ್ನ ಹೋಗುತ್ತದೆ, ಒಪ್ಪದಿದ್ದರೆ ಇಡೀ ಕಟ್ಟಡ ನಡುಗುತ್ತದೆ.

ಕಟ್ಟಡ ಸಮಿತಿಯ ಮುಖ್ಯಸ್ಥೆ ರುಮ್ಯಾನಾ ಬ್ಯಾಂಕಿನವಳು. ಸಾಮಾನು ತರುವುದು ದೊಡ್ಡ ಮಾಲಿನಿಂದ. ಆ ಕಿಂಡಿಯ ಮುಂದೆ ಒಂದು ದಿನವೂ ಬಗ್ಗಿದವಳಲ್ಲ.

"ಲೆಲ್ಯಾ ನೆವೆನಾ, ಒಂದು ಮಾತಿತ್ತು."

ಲೆಲ್ಯಾ ಎಂದರೆ ಚಿಕ್ಕಮ್ಮ. ಕೆಲಸ ಬಿದ್ದಾಗ ಎಲ್ಲರೂ ಚಿಕ್ಕಮ್ಮಂದಿರೇ.

"ಬೂಟು ಚೆನ್ನಾಗಿದೆ ಕಣಮ್ಮ. ಮುಖಾನೂ ತೋರ್ಸಿದ್ರೆ ಮಾತಾಡೋಣ."

ರುಮ್ಯಾನಾ ಬಿಗಿ ಲಂಗ ಸರಿಮಾಡಿಕೊಂಡು, ಗೋಡೆ ಹಿಡಿದು, ಕುಕ್ಕುರುಗಾಲಲ್ಲಿ ಕೂತಳು. "ನಿಮ್ಮೊಬ್ರಿಂದ ಇಷ್ಟೂ ಮನೆ ಚಳೀಲಿ ಕೂತಿದೆ ಲೆಲ್ಯಾ."

"ನಾನು ಕಿಂಡಿ ಅಗಲ ಮಾಡೋಕ್ಮುಂಚೆ ಬೆಚ್ಚಗಿತ್ತೇನು?"

"ಮೆಟ್ಟಿಲ ಕೆಳಗೆ ನಿಮ್ಗೆ ಜಾಗ ಮಾಡ್ಕೊಡ್ತೀವಿ. ನನ್ನ ಮಾತು."

"ಹಂಗಾದ್ರೆ ಇನ್ನೂ ಸ್ವಲ್ಪ ಹೊತ್ತು ಕೂತ್ಕೋ. ಮಾತು ಎಷ್ಟು ಹೊತ್ತು ನಿಲ್ಲತ್ತೆ ನೋಡೋಣ."

ರುಮ್ಯಾನಾ ನಕ್ಕುಬಿಟ್ಟಳು. ಬೇಡದಿದ್ದರೂ ಒಂದು ಪೊಟ್ಟಣ ಬೀಜ ಕೊಂಡಳು. ಆಮೇಲೆ ಏಳಲಾಗಲಿಲ್ಲ. ನೆವೆನಾ ಕಿಂಡಿಯಿಂದಲೇ ಕೈ ಹಾಕಿ ಮೊಣಕೈ ಹಿಡಿದು ಎಬ್ಬಿಸಿದಳು.

ಮೇಲಿನಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದ ಮಿಂಚೋ ಬಕೆಟ್ ಇಳಿಸುತ್ತ ಕೂಗಿದ. "ಒಪ್ಬೇಡ ಕಣೇ. ಕಿಂಡಿ ಮುಚ್ತಾರೆ ಅಂತ ಗೊತ್ತಿದ್ರೆ ನಾನೂ ಸಹಿ ಹಾಕ್ತಿರ್ಲಿಲ್ಲ. ಚಳಿಗೆ ಕೋಟಿದೆ, ರಾಕಿಯಾ ಸಾರಾಯಿ ಇದೆ. ನೀನು ಕಿಂಡಿ ಮುಚ್ಕೊಂಡು ಹೋದ್ರೆ ನಾನು ಯಾರನ್ನ ಬೈಲಿ?"

ಆ ಮಾತು ಕೇಳಿದ ಮೇಲೆ ನೆವೆನಾ ಗಟ್ಟಿಯಾದಳು. ಕೇಳಿದವರಿಗೆಲ್ಲ ಇಲ್ಲ ಅಂದಳು. ಮೆಟ್ಟಿಲ ಮೇಲೆ ಎದುರಾದವರು ಮುಖ ತಿರುಗಿಸತೊಡಗಿದರು.

ಹಿಮ ಬಿದ್ದ ವಾರ ಒಂದು ಬೆಳಗ್ಗೆ ಬಕೆಟ್ ಇಳಿಯಲಿಲ್ಲ. ಮಧ್ಯಾಹ್ನವೂ ಇಳಿಯಲಿಲ್ಲ. ನೆವೆನಾ ಅಂಗಡಿ ಬಿಟ್ಟು ಮೆಟ್ಟಿಲು ಹತ್ತಿದಳು. ಮಿಂಚೋ ಕೋಟು, ಉಣ್ಣೆ ಟೋಪಿಯ ಸಮೇತ ಹಾಸಿಗೆಯಲ್ಲಿದ್ದ. ಬಿಲ್ಲಿಗೆ ಹೆದರಿ ಕೋಣೆ ಕಾಯಿಸುವ ರೇಡಿಯೇಟರ್ ಆರಿಸಿದ್ದ. ಕಿಟಕಿ ಗಾಜಿನ ಒಳಮೈಗೆ ಮಂಜು ಕಟ್ಟಿತ್ತು, ಗೋಡೆಯ ಮೂಲೆ ಬೂಷ್ಟು ಹಿಡಿದು ಕಪ್ಪಾಗಿತ್ತು.

"ಬೆರಳು ಮಡಚ್ತಿಲ್ಲ, ಹಗ್ಗ ಹಿಡಿಯೋಕಾಗ್ಲಿಲ್ಲ" ಎಂದ ನಾಚಿಕೊಂಡು.

"ಕೂಗ್ಬಾರ್ದಾಗಿತ್ತಾ?"

"ನೀನು ಮೇಲ್ಬಂದು ಇದನ್ನೆಲ್ಲ ನೋಡಿದ್ರೆ ಒಪ್ಪಿಬಿಡ್ತೀಯ ಅಂತ್ಲೇ ಕೂಗ್ಲಿಲ್ಲ."

ನೆವೆನಾ ಚಹಾ ಕಾಯಿಸಿದಳು. ಅವನ ಬೆರಳುಗಳನ್ನು ಲೋಟಕ್ಕೆ ಸುತ್ತಿಸಿ, ಮೇಲೆ ತನ್ನ ಕೈಯಿಟ್ಟು, ಅವು ಸಡಿಲಾಗುವವರೆಗೆ ಕೂತಳು. ಆಮೇಲೆ ನೇರ ರುಮ್ಯಾನಾಳ ಬಾಗಿಲಿಗೆ ಹೋಗಿ ಸಹಿ ಹಾಕಿದಳು. "ಮೆಟ್ಟಿಲ ಕೆಳಗಿನ ಜಾಗ ಮರೀಬೇಡ" ಎಂದಷ್ಟೇ ಹೇಳಿದಳು.

ಬೇಸಿಗೆಯಲ್ಲಿ ಕೆಲಸ ಮುಗಿಯಿತು. ಕಟ್ಟಡಕ್ಕೆ ಹಳದಿ ಬಣ್ಣ ಬಂತು. ಊರಿಗೆ ಹೊಸದಾಗಿ ಬಂದವರು ಅದನ್ನು ನೋಡಿ, ರಾಜಧಾನಿ ಚೇತರಿಸಿಕೊಂಡಿದೆ ಅನ್ನುತ್ತಾರೆ. ಸುಳ್ಳಲ್ಲ. ಮುಂದಿನ ಚಳಿಗಾಲಕ್ಕೆ ಮಿಂಚೋ ಮನೆಯೊಳಗೆ ಕೋಟು ಬಿಚ್ಚಿದ. ಕಿಂಡಿಯಿದ್ದ ಜಾಗ ಯಾವುದೆಂದು ಈಗ ಗೊತ್ತೂ ಆಗುವುದಿಲ್ಲ. ಮೆಟ್ಟಿಲ ಕೆಳಗೆ ಸೈಕಲ್ಲುಗಳಿವೆ, ಕೂಸುಗಳ ತಳ್ಳುಗಾಡಿಗಳಿವೆ, ಬಾಗಿಲಿಗೆ ಬೀಗವಿದೆ.

"ಅಗ್ನಿಶಾಮಕದೋರ ನಿಯಮ ಅಡ್ಡ ಬರುತ್ತೆ ಲೆಲ್ಯಾ. ಮುಂದಿನ ಸಭೇಲಿ ನೋಡೋಣ" ಅನ್ನುತ್ತಾಳೆ ರುಮ್ಯಾನಾ. ಅವಳು ಕೆಟ್ಟವಳಲ್ಲ. ಸಭೆಗಳು ನಡೆದಿವೆ, ಯಾರೂ ಮಾತೆತ್ತಿಲ್ಲ, ಅಷ್ಟೇ. ನೆವೆನಾ ಟ್ರಾಂ ನಿಲ್ದಾಣದ ಹತ್ತಿರ ಮಡಚುವ ಮೇಜಿಟ್ಟು ಬೀಜ ಮಾರುತ್ತಾಳೆ. ಪೊಲೀಸರು ಕಂಡರೆ ಮೇಜು ಮಡಚುತ್ತಾಳೆ. ಮಧ್ಯಾಹ್ನ ಬ್ರೆಡ್ಡು, ಹಾಲು ಹಿಡಿದು ಮೂರನೇ ಮಹಡಿಗೆ ಹತ್ತುತ್ತಾಳೆ. ಸೆಖೆ ಜಾಸ್ತಿಯಾಯಿತು ಎಂದು ಮಿಂಚೋ ಅವಳನ್ನೇ ಬೈಯುತ್ತಾನೆ.

ಅಷ್ಟೂ ಮನೆಗಳನ್ನು ಬೆಚ್ಚಗಿಟ್ಟವಳು ಬೀದಿಯಲ್ಲಿ ನಿಂತಿದ್ದಾಳೆ. ಇದು ದೂರದ ಊರಿನ ಕತೆ ಅಂದುಕೊಳ್ಳಬೇಡಿ. ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಸಭೆ ನಡೆಯುತ್ತದೆ. ಗೇಟಿನ ಪಕ್ಕದ ಇಸ್ತ್ರಿಯವನ ಗಾಡಿ ತೆಗೆಸಬೇಕು, ನೋಟ ಕೆಡುತ್ತದೆ ಎಂಬ ಮಾತು ಅಲ್ಲೂ ಬರುತ್ತದೆ. ಆಗ ಕೈ ಎತ್ತುವ ಮೊದಲು ಎದ್ದು ನಿಂತು ಕೇಳಿ, ಅವನಿಗೆ ಜಾಗ ಎಲ್ಲಿ ಎಂದು. ಉತ್ತರ ಬರುವ ತನಕ ಕೂರಬೇಡಿ.