ಘೋಡಗೇರಿ ಕಡೆಯಿಂದ ಬರುವ ಗಾಳಿ

ಬೆಳಿಗ್ಗೆ ಎದ್ದು ಅಂಗಳ ಗುಡಿಸಿ ನೀರು ಹೊಡೆದೆ. ಎಮ್ಮೆ ಹಿಂಡಿದೆ. ರೊಟ್ಟಿ ಬಡಿದು ಬುಟ್ಟಿಗೆ ಹಾಕಿದೆ, ಪುಂಡಿಪಲ್ಲೆ ಕುದಿಸಿದೆ, ಮಾಳಿಗೆಯ ಮೇಲೆ ಒಣಗಿದ್ದ ಕುರಡಗಿ ಸಂಡಿಗೆಯನ್ನು ಡಬ್ಬಿಗೆ ತುಂಬಿದೆ. ಬಟ್ಟೆ ಒಗೆದು ಹಗ್ಗಕ್ಕೆ ಹಾಕಿ ಬೆನ್ನು ತಿರುಗಿಸುವಷ್ಟರಲ್ಲಿ ಪಡುವಲ ದಿಕ್ಕಿನಿಂದ ಈ ವರ್ಷದ ಮೊದಲ ಗಾಳಿ ಎದ್ದು, ಮಾವನವರ ಧೋತರವನ್ನು ಎತ್ತಿ ಬೇವಿನ ಗಿಡದ ಮೇಲೆ ಹರವಿತು.

ಈ ಗಾಳಿ ಬಂದಾಗ ನಮ್ಮ ಅತ್ತೆ ಗಂಗವ್ವ ಇದ್ದ ಕೆಲಸ ಅಲ್ಲೇ ಬಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು ಪಡುವಲ ಬಾಗಿಲಲ್ಲಿ ನಿಲ್ಲುತ್ತಿದ್ದರು. "ಬಾರಪಾ ಬಾ. ಎಲ್ಲಾರೂ ಆರಾಮ ಅದಾರಿಲ್ಲೋ?" ಎಂದು ಕೇಳುತ್ತಿದ್ದರು. ನಾನು ಹೊಸ ಸೊಸೆಯಾಗಿದ್ದಾಗ ಯಾರೋ ಬೀಗರು ಬಂದರೆಂದು ತಂಬಿಗೆಯಲ್ಲಿ ನೀರು ತಂದು, ಖಾಲಿ ಅಂಗಳ ನೋಡಿ ಪೆಚ್ಚಾಗಿ ನಿಂತಿದ್ದುಂಟು. ಅವರು ತೀರಿಕೊಂಡು ಎರಡು ವರ್ಷವಾಯಿತು. ಇವತ್ತಿನ ಗಾಳಿಯನ್ನು ಯಾರೂ ಕ್ಷೇಮ ಕೇಳಲಿಲ್ಲ.

ಅತ್ತೆಯ ತವರು ಹುಕ್ಕೇರಿ ತಾಲ್ಲೂಕಿನ ಘೋಡಗೇರಿ. ಕೊಟ್ಟದ್ದು ಅಲ್ಲಿಂದ ಮೂಡಣಕ್ಕೆ, ಮೂಡಲಗಿ ಕಡೆಯ ನಮ್ಮ ತುಕ್ಕಾನಟ್ಟಿಗೆ. ಹಾಗಾಗಿ ಮಳೆಗಾಲದ ಪಡುವಲ ಗಾಳಿ ಅವರ ಲೆಕ್ಕದಲ್ಲಿ ತವರಿನ ಮನುಷ್ಯ. ಉಳಿದ ಗಾಳಿಗಳೆಲ್ಲ ಗಂಡನ ಕಡೆಯವು. ಚಳಿಗಾಲದಲ್ಲಿ ಮೂಡಗಾಳಿ ಬೀಸಿ ತುಟಿ ಒಡೆದರೆ, "ನೋಡವಾ, ಇದು ನಿಮ್ಮ ಮಾವನ ಮನತಾನದ್ದು. ಬಾಯಿ ತಗದ್ರ ರಕ್ತ ಬರಬೇಕು, ಹಂಗ ಮಾಡತೈತಿ" ಎನ್ನುತ್ತ ತುಟಿಗೆ ಬೆಣ್ಣೆ ಹಚ್ಚಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಧೂಳೆಬ್ಬಿಸಿಕೊಂಡು ಬರುವ ಅಡ್ಡಮಳೆಯ ಬಿರುಗಾಳಿ ಅವರ ನಾದಿನಿಯ ಹಾಗಂತೆ. ಬರುವಾಗಲೇ ಬಾಗಿಲು ಬಡಿದು, ಒಂದೆರಡು ತಗಡು ಹಾರಿಸಿ, ಚಹಾ ಕುದಿಯುವುದರೊಳಗೆ ಹೊರಟೇಹೋಗುವುದು.

ಮಾವ ಸುಮ್ಮನಿರುವವರಲ್ಲ. ಪಡುವಲ ಗಾಳಿ ಕಡಲಿನಿಂದ ಮೋಡ ಹೊತ್ತು ಬಂದರೂ ಘಟ್ಟ ಹತ್ತುವಾಗಲೇ ಹೊರೆ ಇಳಿಸಿಬಿಡುತ್ತದೆ. ಮಿಕ್ಕಿದ್ದನ್ನು ಹುಕ್ಕೇರಿ ಕಡೆ ಅಷ್ಟಿಷ್ಟು ಹನಿಸಿ, ಗೋಕಾಕ ದಾಟಿ ನಮ್ಮಲ್ಲಿಗೆ ಬರುವಾಗ ಬರೀ ಬೀಸು ಉಳಿದಿರುತ್ತದೆ. ಅದನ್ನೇ ಹಿಡಿದು ಮಾವ ಚುಚ್ಚುತ್ತಿದ್ದರು.

"ನಿಮ್ಮ ತವರವರು ಮಳಿ ತಾವ ಇಟಗೊಂಡು, ನಮಗ ಖಾಲಿ ಚೀಲ ಝಾಡಿಸ್ತಾರ ನೋಡು."

"ಹೌದ? ಹೊಳಿ ತುಂಬಿ ಹರಿಯಾಕತ್ತೈತಲ್ಲ, ನಿಮ್ಮ ಕಬ್ಬು ಕುಡಿಯೂ ನೀರು, ಅದನ್ನೇನು ನಿಮ್ಮಪ್ಪ ಕಳಿಸ್ಯಾನೇನು?"

ಮಾವ ಮೀಸೆಯೊಳಗೆ ನಗುತ್ತ ಹೊಲಕ್ಕೆ ಹೋಗುತ್ತಿದ್ದರು.

ಒಂದು ವರ್ಷ ಅತ್ತೆಯ ತಾಯಿ ತೀರಿಕೊಂಡರು. ತುಂಬಿದ ಬಾಳು, ಅತ್ತೆ ಅಳುವಷ್ಟು ಅತ್ತು ಸಮಾಧಾನ ಮಾಡಿಕೊಂಡರು. ಆದರೆ ಶ್ರಾವಣ ಹತ್ತಿರವಾದಂತೆ ಅವರಿಗೊಂದು ಚಿಂತೆ ಹತ್ತಿತು. ಪಂಚಮಿಗೆ ಹೆಣ್ಣುಮಕ್ಕಳನ್ನು ಕರೆಯಲು ತವರಿನಿಂದ ಅಣ್ಣನೋ ತಮ್ಮನೋ ಬರಬೇಕು. ಕರೆಯದೆ ಹೋಗುವಂತಿಲ್ಲ. ಇಷ್ಟು ವರ್ಷ ತಮ್ಮ ಮಲ್ಲಪ್ಪ ತಪ್ಪದೆ ಬಂದಿದ್ದರು, ಆದರೆ ಕಳಿಸುತ್ತಿದ್ದವಳು ತಾಯಿ. ಉಂಡಿಗೆ ಶೇಂಗಾ ಹುರಿಯುತ್ತ ಅತ್ತೆ ನನಗೊಬ್ಬಳಿಗೇ ಹೇಳಿದರು: "ಅವ್ವ ಹೋದ ಮ್ಯಾಲ ತವರ ಉಳಿದೈತೋ ಇಲ್ಲೋ, ಈ ಪಂಚಮಿಗೆ ಗೊತ್ತಾಕ್ಕೈತಿ."

ಆ ವರ್ಷ ಗಾಳಿ ಹುಚ್ಚೆದ್ದು ಬೀಸಿತು. ಘಟ್ಟದಲ್ಲಿ ಮಳೆಯೋ ಮಳೆ. ನಮ್ಮಲ್ಲಿ ಹನಿ ಬೀಳದಿದ್ದರೂ ಹೊಳೆ ಉಕ್ಕಿ, ಘೋಡಗೇರಿಯಿಂದ ಬರುವ ದಾರಿಯ ಸೇತುವೆ ಮುಳುಗಿತು. ಮಲ್ಲಪ್ಪ ಫೋನು ಮಾಡಿದರು: "ಅಕ್ಕಾ, ನೀರು ಇಳದ ಮ್ಯಾಲ ಬರ್ತೇನಿ. ಈಗ ಫೋನಿನ್ಯಾಗ ಕರದೇನಿ ಅಂತ ತಿಳಕೋ."

"ಫೋನಿನ್ಯಾಗ ಉಂಡಿ ತಿಂದಂಗ ಆತೇನೋ ಅದು? ಇಡು," ಎಂದು ಅತ್ತೆ ಫೋನನ್ನು ನನ್ನ ಮಡಿಲಿಗೆ ಎಸೆದರು.

ಮಾವನಿಗೆ ಬಾಯಿ ತಡೆಯಲಿಲ್ಲ. "ನಿಮ್ಮ ತವರ ನೀರ ನಿನ್ನ ತಮ್ಮನ ದಾರಿ ಕಟ್ಟೈತಲ್ಲ!" ಎಂದರು. ಪ್ರತಿ ಸಲ ಪಟ್ಟನೆ ತಿರುಗಿ ಬೀಳುತ್ತಿದ್ದ ಅತ್ತೆ ಅಂದು ಎದ್ದು ಒಳಗೆ ಹೋದರು. ಅದನ್ನು ನೋಡಿ ಮಾವನೇ ಗಾಬರಿಯಾದರು.

ಪಂಚಮಿಯ ದಿನ ನಾಗಪ್ಪನಿಗೆ ಹಾಲೆರೆದು ಬಂದವರೇ ಅತ್ತೆ ಗಾಳಿಯ ಎದುರು ನಿಂತು ಬೈದರು: "ನೀರು ಕಳಿಸೂದು ಗೊತ್ತೈತಿ, ಮನಷ್ಯಾನ್ನ ಕಳಿಸೂದು ಗೊತ್ತಿಲ್ಲ. ಹೋಗು ಅತ್ಲಾಗ." ಧಡಾರನೆ ಪಡುವಲ ಬಾಗಿಲು ಹಾಕಿ ಚಿಲಕ ಜಡಿದರು. ಮರುದಿನವೂ ತೆಗೆಯಗೊಡಲಿಲ್ಲ. ಒಲೆಯ ಹೊಗೆ ಹೋಗಲು ದಾರಿಯಿಲ್ಲದೆ ಮನೆಯೊಳಗೇ ಸುತ್ತಿತು. ಮಾವ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ತಿಂದರು. "ಅತ್ಯಾ, ಒಂದೀಟು ತಗೀಲೇನ್ರಿ?" ಎಂದು ನಾನು ಕೇಳಿದರೆ, "ನಿಮ್ಮ ಕಡೀ ಬಾಗಲಾ ಐತಲ್ಲ, ಅದನ್ನ ತಗಿ" ಎಂದು ಮೂಡಲಿಗೆ ಕೈ ತೋರಿಸಿದರು.

ಹೊತ್ತು ಇಳಿಯುವಾಗ ಮೂಡಲ ಬಾಗಿಲಲ್ಲೇ ಮಲ್ಲಪ್ಪ ನಿಂತಿದ್ದರು. ಹುಕ್ಕೇರಿ ಸುತ್ತಿ, ಬಸ್ಸು ಬದಲಿಸಿ, ಕೊನೆಗೆ ಯಾರದೋ ಟ್ರ್ಯಾಕ್ಟರ್ ಹತ್ತಿ ಬಂದಿದ್ದರಂತೆ. ತಲೆಯ ಪಟಗಾ ಬಿಚ್ಚಿ ಕೊರಳಿಗೆ ಬಿದ್ದಿತ್ತು, ಮೊಣಕಾಲವರೆಗೆ ಕೆಸರು, ಬಗಲಲ್ಲಿ ಉಂಡಿಯ ಡಬ್ಬಿ.

"ಯಾಕ ಬಂದಿ? ಪಂಚಮಿ ನಿನ್ನೇನ ಮುಗೀತು," ಎಂದರು ಅತ್ತೆ, ಡಬ್ಬಿಯನ್ನು ಮಾತ್ರ ಇಸಿದುಕೊಂಡು.

"ಪಂಚಮಿ ಮುಗದ್ರ ಮುಗೀಲಿ. ನಾ ಕರಿಯೂದು ಮುಗದಿಲ್ಲಲ್ಲ? ಹೊಳಿ ಮ್ಯಾಲ ಗಾಳಿಯಂಗ ಹಾರಿ ಬರಾಕ ನನಗ ಬರೂದಿಲ್ಲಕ್ಕಾ. ನಾಳೆ ಮುಂಜಾನೆ ಹೋಗೂಣು. ಮನ್ಯಾಗ ಎಲ್ಲಾರೂ ನಿನ್ನ ದಾರಿ ನೋಡಾಕತ್ತಾರ."

ಅತ್ತೆ ಹೋಗಿ ಪಡುವಲ ಬಾಗಿಲು ತೆರೆದರು. ಗಾಳಿ ನುಗ್ಗಿ ಹಿಟ್ಟಿನ ಪರಾತವನ್ನು ಮಾವನ ಮೇಲೆ ಕೊಡವಿತು. ಬೆಳ್ಳಗಾದ ಮಾವನನ್ನು ನೋಡಿ ಅತ್ತೆ ನಗತೊಡಗಿದವರು ನಿಲ್ಲಿಸಲೇ ಇಲ್ಲ.

ಅಂಗಳದ ಬೇವಿನ ಗಿಡಕ್ಕೆ ಓಣಿಯ ಹುಡುಗಿಯರು ಕಟ್ಟಿದ್ದ ಜೋಕಾಲಿ ಇನ್ನೂ ಬಿಚ್ಚಿರಲಿಲ್ಲ. ಮಲ್ಲಪ್ಪ ಅಕ್ಕನ ರಟ್ಟೆ ಹಿಡಿದೆಳೆದರು.

"ಏ ಬಿಡೋ! ಗಂಡನ ಮನ್ಯಾಗ ಕುಂತು ಯಾರರ ಪಂಚಮಿ ಜೋಕಾಲಿ ಆಡ್ತಾರೇನು? ಮಂದಿ ನಗ್ತಾರ."

ಮಾವ ಮೀಸೆಯ ಹಿಟ್ಟು ಒರೆಸಿಕೊಂಡರು. "ಈ ಗಾಳಿ ಬೀಸೂ ಮಟಾ ಅಂಗಳ ನಿಮ್ಮ ತವರವರದ ಐತಿ. ಕೂಡು, ನಾನ ತೂಗ್ತೇನಿ."

ಅತ್ತೆ ಕೂತರು. ಒಂದು ಕಡೆ ತಮ್ಮ, ಒಂದು ಕಡೆ ಗಂಡ. ತೂಗಿದಷ್ಟೂ ಪಡುವಲಕ್ಕೆ ಹೋದರು, ಸೆರಗು ಹಿಂದೆ ಹಾರಿತು, "ಇನ್ನೊಂದೀಟು ಜೋರ ತೂಗ್ರಿ, ಉಂಡಿಲ್ಲೇನು?" ಎಂದು ಇಬ್ಬರನ್ನೂ ಬೈದರು. ಅತ್ತೆಯನ್ನು ನೆನೆದಾಗಲೆಲ್ಲ ನನಗೆ ಕಾಣುವುದು ಈ ಚಿತ್ರವೇ.

ಸಂಜೆ ಊಟಕ್ಕೆ ಜೋಳದ ರೊಟ್ಟಿ, ಝುಣಕ, ಮೊಸರು, ಮೇಲೆ ಘೋಡಗೇರಿಯ ಎಳ್ಳುಂಡಿ. ಮಲ್ಲಪ್ಪ ಮತ್ತು ಮಾವ ಸೇತುವೆಯ ಸುದ್ದಿ ಹೇಳುತ್ತ ಇನ್ನೂ ತಾಟಿನ ಮುಂದೆಯೇ ಕೂತಿದ್ದರು. ಅತ್ತೆಗೆ ಇನ್ನೊಂದು ಉಂಡಿ ಬೇಕೇನು ಕೇಳಲೆಂದು ಒಳಗೆ ಹೋಗಿ ನೋಡಿದರೆ, ಮರುದಿನ ಬೆಳಿಗ್ಗೆ ಉಟ್ಟು ತವರಿಗೆ ಹೊರಡಬೇಕಾಗಿದ್ದ ಇಳಕಲ್ ಸೀರೆಯನ್ನು ಆಗಲೇ ಉಟ್ಟು, ಅತ್ತೆ ಎಲ್ಲರಿಗಿಂತ ಮೊದಲು ಮಲಗಿ ನಿದ್ದೆ ಹೋಗಿದ್ದರು.