ನಮ್ಮನೇಲಿ ಹಾಕಿದ ಜಾಯಿಂಟು

ಶಾಂತಲಾಳ ಅಡುಗೆಮನೆಯಲ್ಲಿ ಒಲೆಗೂ ಮಿಕ್ಸಿಗೂ ನಡುವೆ ಬೆಸುಗೆ ಹಾಕುವ ಒಂದು ಸೋಲ್ಡರಿಂಗ್ ಐರನ್ ಇರುತ್ತಿತ್ತು. ಮನೆ ಸವಳಂಗದಲ್ಲಿ, ಗಂಡ ಕಲ್ಲೇಶನ ಸೌಂಡು-ಲೈಟಿನ ಅಂಗಡಿ ನ್ಯಾಮತಿಯಲ್ಲಿ. ಕೇಬಲ್ಲಿನ ತುದಿಗೆ ಸಣ್ಣ ಪಿನ್ನು ಕೂರಿಸಲು ಅವನ ದಪ್ಪ ಬೆರಳು ಬಗ್ಗುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ‘ಸ್ವಲ್ಪ ಹಿಡ್ಕೊ’ ಎಂದು ಕೊಟ್ಟದ್ದು ಅವಳ ಕೈಯಲ್ಲೇ ಉಳಿಯಿತು. ಬೇಳೆ ಬೇಯುವಷ್ಟರಲ್ಲಿ ಎರಡು ಬೆಸುಗೆ, ಮಗಳ ಜಡೆ ಹೆಣೆದ ಮೇಲೆ ಇನ್ನೊಂದು. ಪ್ರತಿ ಬೆಸುಗೆಗೂ ಟೇಪಿನ ಬದಲು ಕಪ್ಪು ಪ್ಲಾಸ್ಟಿಕ್ಕಿನ ಸ್ಲೀವು ತೊಡಿಸಿ, ಬಿಸಿ ತಾಗಿಸಿ ಬಿಗಿ ಮಾಡುವಳು.

ಗಿರಾಕಿಗಳು ಹೊಗಳಿದರೆ ಕಲ್ಲೇಶ ‘ಕಂಪನಿ ಫಿನಿಶಿಂಗು’ ಎನ್ನುತ್ತಿದ್ದ. ಅವಳು ಅದಕ್ಕೆ ತಲೆ ಕೆಡಿಸಿಕೊಂಡವಳಲ್ಲ. ತಾನು ಹಾಕಿದ ಬೆಸುಗೆ ಎಲ್ಲೂ ಬಿಟ್ಟಿಲ್ಲ ಎಂಬುದೊಂದೇ ಅವಳ ಗುಟ್ಟಿನ ಗತ್ತು.

ಹೊನ್ನಾಳಿಯ ಶಾಲೆಯೊಂದರ ರಂಗಮಂದಿರಕ್ಕೆ ಲೈಟು ಜೋಡಿಸಿದ್ದು ಕಲ್ಲೇಶನೇ. ಹಾಲಿನ ಹಿಂಬದಿಯ ಕಂಟ್ರೋಲ್ ಬೋರ್ಡಿನಿಂದ ವೇದಿಕೆಯ ಲೈಟುಗಳಿಗೆ ಹುಕುಂ ಒಯ್ಯುವ ಕೇಬಲ್ಲು ಇತ್ತೀಚೆಗೆ ಕೈಕೊಟ್ಟಿತ್ತು. ನಾಟಕದ ತಾಲೀಮಿನಲ್ಲಿ ರಾಜ ಸಾಯುವಾಗ ಲೈಟುಗಳು ಮದುವೆ ಮನೆಯ ಸೀರಿಯಲ್ ಸೆಟ್ಟಿನಂತೆ ಕುಣಿಯುತ್ತಿದ್ದವು. ನಾಟಕ ಕಲಿಸುವ ಸಂಧ್ಯಾರಾಣಿ ಮೇಡಂ ಫೋನು ಮಾಡಿದರು. ಅಲ್ಲೇ ಬೆಸುಗೆ ಹಾಕಬೇಕಾದೀತೆಂದು ಕಲ್ಲೇಶ ಹೆಂಡತಿಯನ್ನೂ ಹೊರಡಿಸಿದ. ಅತ್ತೆಗೆ ಅಡುಗೆ ಮಾಡಿಟ್ಟು, ನೆನೆಸಿದ ಬಟ್ಟೆ ಹಿಂಡಿ ಹರವಿ ಅವಳು ಬೈಕು ಹತ್ತಿದಳು.

ಯಾಕೆ ಹೀಗಾಯಿತೆಂದು ಮೇಡಂ ಕೇಳಿದ್ದೇ ತಡ, ಕಲ್ಲೇಶ ಹೆಂಡತಿಯನ್ನು ಗದ್ದದಲ್ಲೇ ತೋರಿಸಿದ.

“ಜಾಯಿಂಟೆಲ್ಲಾ ನಮ್ಮನೇಲಿ ಹಾಕಿದ್ದು ಮೇಡಂ. ಒಲೆ ಮುಂದೆ ಕುಂತ್ಕಂಡು ಮಾಡಾಕೆ ಹೋಗಿ ಎಲ್ಲೋ ತಪ್ಪೈತೆ. ಅದ್ಕೇ ಕರ್ಕಂಡು ಬಂದೀನಿ.”

‘ನಮ್ಮನೇಲಿ’ ಅಂದರೆ ಹೆಂಡತಿ ಎಂದು ಮೇಡಂಗೆ ಬಿಡಿಸಿ ಹೇಳಬೇಕಿರಲಿಲ್ಲ. ಇಷ್ಟು ವರ್ಷ ಕಂಪನಿಯದಾಗಿದ್ದ ಬೆಸುಗೆ ಕೆಟ್ಟ ದಿನ ಹೆಂಡತಿಯದಾಯಿತು.

ಶಾಂತಲಾ ಬೋರ್ಡನ್ನು ವೇದಿಕೆಗೇ ತರಿಸಿ, ಚಿಕ್ಕ ಕೇಬಲ್ಲಿನಿಂದ ಮೊದಲ ಲೈಟಿಗೆ ನೇರ ಜೋಡಿಸಿದಳು. ಅದು ಹೇಳಿದಂತೆ ಕೇಳಿತು. ಲೈಟಿನಿಂದ ಲೈಟಿಗೆ ಹೋಗುವ ಕೇಬಲ್ಲುಗಳನ್ನು ಒಂದೊಂದಾಗಿ ಸೇರಿಸುತ್ತ ಹೋದಳು. ಎಲ್ಲವೂ ಅವಳ ಬೆಸುಗೆಯವೇ, ಎಲ್ಲವೂ ಸರಿಯಿದ್ದವು. ಉಳಿದದ್ದು ಚಾವಣಿಯ ಪೈಪಿನೊಳಗೆ ಬರುವ ಉದ್ದದ ಕೇಬಲ್ಲು. ಬೋರ್ಡನ್ನು ಹಿಂದಕ್ಕೊಯ್ದು ಅದಕ್ಕೆ ಸಿಕ್ಕಿಸಿದರೆ ಮತ್ತೆ ಕುಣಿತ. ಎರಡೂ ತುದಿಯ ಪಿನ್ನು ಬಿಚ್ಚಿ ನೋಡಿದಳು. ಬೆಸುಗೆ ಹಾಕಿದ ದಿನ ಇದ್ದಂತೆಯೇ ಹೊಳೆಯುತ್ತಿತ್ತು.

ಇಲಿ ಕಡಿದಿರಬೇಕು, ಎಳೆದು ಬದಲಾಯಿಸಿದರಾಯಿತು ಎಂದ ಕಲ್ಲೇಶ. ಹಳೆಯದರ ತುದಿಗೆ ಹೊಸದನ್ನು ಕಟ್ಟಿ ಅವನು ಹಿಂದಿನಿಂದ ಬಿಡುತ್ತ ನಿಂತ. ಅವಳು ವೇದಿಕೆಯಿಂದ ಎಳೆದಳು. ನಡುವೆ ಎಲ್ಲೋ ಸಿಕ್ಕಿಕೊಂಡಿತು. ಜೋರಾಗಿ ಜಗ್ಗಿದಾಗ ಪೈಪಿನ ಬಾಯಿಂದ ಕೆಂಪು ಟೇಪಿನ ಗಂಟೊಂದು ಹೊರಬಿತ್ತು.

ಬಿಚ್ಚಿದಳು. ಬೆಸುಗೆಯಿಲ್ಲ, ತಂತಿಗಳನ್ನು ಬೆರಳಲ್ಲೇ ಹೊಸೆದಿತ್ತು. ಗಂಟಿನ ಈಚೆ ಲೈಟಿನ ಕೇಬಲ್ಲು, ಆಚೆ ಲೈಟಿಗೆ ಒಗ್ಗದ ಹಳೆಯ ಮೈಕಿನದು. ಪೂರಾ ಹೊಸದೇ ಹಾಕಿದ್ದೇನೆ ಎಂದು ಕಲ್ಲೇಶ ಅವಳಿಗೂ ಹೇಳಿದ್ದ. ಅಂಥದೇ ಕೆಂಪು ಟೇಪನ್ನು ಅವಳು ದಿನಾ ಮುಟ್ಟುತ್ತಿದ್ದಳು: ಕುಕ್ಕರಿನ ಹಿಡಿ ಮುರಿದಾಗ ಅವನೇ ಅಕ್ಕರೆಯಿಂದ ಸುತ್ತಿಕೊಟ್ಟದ್ದು.

ಗಂಟನ್ನು ಮೇಡಂ ಮುಂದೆ ಹಿಡಿದಳು. “ಇದು ನನ್ನ ಕೈದಲ್ಲ ಮೇಡಂ. ನಾನು ಟೇಪು ಸುತ್ತಲ್ಲ.”

ಮೇಡಂ ಗಂಟು ನೋಡಿದರು, ದೂರದಲ್ಲಿದ್ದ ಕಲ್ಲೇಶನನ್ನೂ ನೋಡಿದರು. ಅವರಿಗೆ ಅರ್ಥವಾಗಿತ್ತು. “ಇರ್ಲಿ ಬಿಡ್ರೀ. ಗಂಡ ಮಾಡಿದ್ರೇನು, ಹೆಂಡ್ತಿ ಮಾಡಿದ್ರೇನು. ಒಂದೇ ಮನೆ ಕೆಲ್ಸ ಅಲ್ವಾ?”

ಹೊಸ ಕೇಬಲ್ಲಿಗೆ ಅವಳೇ ಪಿನ್ನು ಕೂರಿಸಿದಳು. ಲೈಟುಗಳು ಮಾತು ಕೇಳಿದವು. ಮೇಡಂ ಕಲ್ಲೇಶನಿಗೆ ಥ್ಯಾಂಕ್ಸ್ ಹೇಳಿದರು. ನಾನು ಹೇಳಿರಲಿಲ್ಲವೇ, ಜಾಯಿಂಟಿನದೇ ತಕರಾರು ಎಂದು ಅವನು ನಕ್ಕ. ಅದು ಸುಳ್ಳೂ ಅಲ್ಲ.

ದಾರಿಯಲ್ಲಿ ಅವನು ಸಂಜೆಗೆ ಏನು ಸಾರು ಎಂದು ಕೇಳಿದ.

ಮನೆಗೆ ಬಂದವಳೇ ಸೋಲ್ಡರಿಂಗ್ ಐರನ್ನನ್ನು ಅಡುಗೆಮನೆಯಿಂದ ಎತ್ತಿ ತಂದು ಅವನ ಮುಂದಿಟ್ಟಳು, ಕೆಂಪು ಟೇಪಿನ ಗಂಟನ್ನೂ.

“ಇನ್ಮೇಲೆ ಯಾರಾದ್ರೂ ಕೇಳಿದ್ರೆ, ನಮ್ಮನೇಲಿ ಜಾಯಿಂಟ್ ಹಾಕಲ್ಲ ಅನ್ರಿ.”

ಸಿಟ್ಟಿಳಿದ ಮೇಲೆ ಹಾಕುತ್ತಾಳೆ ಎಂದು ಅವನು ತಾಯಿಗೆ ಹೇಳುತ್ತಿದ್ದುದು ಒಳಗೆ ಕೇಳಿಸಿತು. ಶಾಂತಲಾ ಕುಕ್ಕರಿನ ಹಿಡಿಗೆ ಸುತ್ತಿದ್ದ ಟೇಪನ್ನು ಉಗುರಿನಿಂದ ಎಬ್ಬಿಸಿ ಕೊನೆವರೆಗೂ ಸುಲಿದಳು. ಹಿಡಿ ಎರಡು ಚೂರಾಗಿ ಕೈಗೆ ಬಂತು. ಕುಕ್ಕರನ್ನು ಬಟ್ಟೆಯಲ್ಲಿ ಹಿಡಿದು ಒಲೆಗಿಟ್ಟಳು.